ಪೊರಕೆ ಸಾಹೇಬರು ಗುಡಿಸದ ಸಾಲು

ನಮ್ಮ ಆಫೀಸಿನಲ್ಲಿ ಟೆಕ್ಸ್ಟ್ ಎಡಿಟರ್‌ಗೆ ಸೇರಿಸುವ ಪ್ಲಗಿನ್ ಎಂಬ ಪುಟ್ಟ ತಂತ್ರಾಂಶವನ್ನು ಕಂಪ್ಯೂಟರಿನಲ್ಲಿ ಕೂರಿಸುವ ಇನ್‌ಸ್ಟಾಲರ್ ಬರೆಯುವ ಹಿರಿಯರೊಬ್ಬರನ್ನು ನಾವು ಕರೆಯುವುದೇ ಪೊರಕೆ ಸಾಹೇಬರೆಂದು. ಯಾರಾದರೂ ಕುಡಿದ ಲೋಟ ಮೇಜಿನ ಮೇಲೆ ಬಿಟ್ಟರೆ, "ತೊಳೆಯೋಕೆ ನಿಮ್ಮನೆ ಆಳು ಯಾರಿದ್ದಾರ್ರೀ ಇಲ್ಲಿ?" ಎಂದು ಇಡೀ ಮಹಡಿಗೆ ಕೇಳುವಂತೆ ಗುಡುಗುತ್ತಾರೆ. ಈ ವಾರ ಅವರ ಪಿತ್ತ ನೆತ್ತಿಗೇರಿಸಿದ್ದು ಕೆಲಸ ಮುಗಿಯಿತೆಂದು ತಿಳಿಸಲು ಇನ್‌ಸ್ಟಾಲರ್ ಬಿಟ್ಟುಹೋಗುವ ಒಂದು ಗುರುತಿನ ಫೈಲು. ಕೆಲಸ ಅರ್ಧಕ್ಕೆ ನಿಂತರೂ ಅದು ಹಾಗೇ ಉಳಿಯುತ್ತದೆ; ಮತ್ತೆ ಶುರುಮಾಡಿದರೆ ಇನ್‌ಸ್ಟಾಲರ್ ಆ ಗುರುತು ನೋಡಿ "ಆಗಲೇ ಆಗಿದೆ" ಎಂದು ಕೈತೊಳೆದುಕೊಳ್ಳುತ್ತದೆ, ಒಳಗೆ ನೋಡಿದರೆ ಪ್ಲಗಿನ್ನೇ ಇಲ್ಲ. "ಒಲೆ ಹಚ್ಚದೇನೇ ಊಟ ಆಯ್ತು ಅನ್ನುತ್ತಲ್ರೀ, ಮಾನ ಮರ್ಯಾದೆ ಇದೆಯಾ ಇದಕ್ಕೆ!" ಎಂದು ಕೀಬೋರ್ಡು ಕುಟ್ಟುತ್ತಾ ಮೂರು ದಿನ ಕೂತು, ಕೆಲಸ ಕೆಟ್ಟರೆ ಗುರುತೂ ಅಳಿಯುವಂತೆ ಮಾಡಿ, ಕೋಡಿನಲ್ಲಿದ್ದ ಹಳೆಯ ಕಸವನ್ನೆಲ್ಲ ಗುಡಿಸಿದರು. ನಾನು ಪರಿಶೀಲಿಸುವಾಗ ಕೋಡಿನ ನಡುವೆ ಒಂದೇ ಒಂದು ಟಿಪ್ಪಣಿ ಉಳಿದಿತ್ತು: "ಅಣ್ಣಾ, ಗುರುತು ಅಳಿಸೋದು ಬಾಕಿ ಇದೆ, ನಾಳೆ ಬಂದು ಮಾಡ್ತೀನಿ." ಬರೆದವಳು ಹಿಂದೆ ಅವರ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದ ಹುಡುಗಿ; ಅದನ್ನು ಬರೆದ ಮರುದಿನವೇ ಆಫೀಸಿಗೆ ಬರುವಾಗ ಅಪಘಾತದಲ್ಲಿ ತೀರಿಕೊಂಡಳು. "ಆ ಕೆಲಸ ಈಗ ಆಯ್ತಲ್ಲ, ಈ ಸಾಲು ಇನ್ನು ಬೇಡ ಅಲ್ವಾ ಸಾರ್?" ಎಂದೆ. ಸಾಹೇಬರು ಗುಡುಗಿದರು: "ಅದನ್ನ ಮುಟ್ಟಿದ್ರೆ ನೆಟ್ಟಗಿರಲ್ಲ!"