ಗುಂಡಿ ಕುಡಿದ ಟ್ಯಾಂಕರ್

ನೀರು ಉಳಿಸುವುದು ಹೇಗೆಂದು ತೋರಿಸಲು ಹೋಗಿ ನಾನು ಒಂದು ಇಡೀ ಟ್ಯಾಂಕರ್ ನೀರನ್ನು ನೆಲಕ್ಕೆ ಕುಡಿಸಿದ್ದೇನೆ. ಅದೂ ಕಡುಬೇಸಿಗೆಯಲ್ಲಿ, ಕಟ್ಟಡದ ಜನವೆಲ್ಲ ಖಾಲಿ ಬಕೆಟ್ ಹಿಡಿದು ಬಾಲ್ಕನಿಯಿಂದ ನೋಡುತ್ತಿದ್ದಾಗ.

ಆಗ ನಾನು ಪರಿಸರ ವಿಜ್ಞಾನದ ಎಂ.ಎಸ್ಸಿ. ವಿದ್ಯಾರ್ಥಿ. ಸಿಂಗಸಂದ್ರದಲ್ಲಿ ಬಾಡಿಗೆಗಿದ್ದೆ. ಓನರ್ ಆಂಟಿಯ ಮನೆಯವರು ಆ ಊರಿನ ಹಳಬರು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆದಾರರನ್ನು ಬೆಳೆಯುತ್ತಿದ್ದರು. ಬೋರ್‌ವೆಲ್ ಬತ್ತಿತ್ತು. ನಾನು ಆಂಟಿಯ ತಲೆ ತಿಂದು, ತಾರಸಿಯ ಮಳೆನೀರು ಇಂಗಲೆಂದು ಬೋರ್‌ವೆಲ್ ಪಕ್ಕ ಒಂದು ಗುಂಡಿ ತೋಡಿಸಿ, ಜಲ್ಲಿ ಮರಳು ತುಂಬಿಸಿ, ಅದನ್ನೇ ಕಾಲೇಜಿನ ಪ್ರಾಜೆಕ್ಟ್ ಮಾಡಿಕೊಂಡೆ. ಗುಂಡಿ ರೆಡಿ, ಮಳೆ ನಾಪತ್ತೆ.

"ಇಂಗುತ್ತೆ ಅನ್ನೋದಕ್ಕೆ ಪ್ರೂಫ್ ಎಲ್ಲಿ? ವಿಡಿಯೋ ತಗೊಂಡ್ಬಾ," ಎಂದರು ನಮ್ಮ ಮೇಡಂ.

ಆ ಭಾನುವಾರ ಆಂಟಿಯ ಮಗಳನ್ನು ನೋಡಲು ಜಿಗಣಿಯಿಂದ ಗಂಡಿನ ಕಡೆಯವರು ಬರುವವರಿದ್ದರು. ಮನೆಯಲ್ಲಿ ನೀರಿಲ್ಲ, ಯಾವ ಟ್ಯಾಂಕರಿನವರೂ ಫೋನ್ ಎತ್ತುತ್ತಿಲ್ಲ. ಕೊನೆಗೆ ಆಂಟಿ, ಆಸ್ತಿ ಭಾಗವಾದಾಗಿನಿಂದ ಮಾತು ಬಿಟ್ಟಿದ್ದ ಮೈದುನನಿಗೇ ಫೋನ್ ಮಾಡಿದರು. ಅವನದು ಹಿಂದಿನ ರಸ್ತೆಯಲ್ಲಿ ಟ್ಯಾಂಕರ್ ವ್ಯಾಪಾರ.

"ಮಗಾ, ನಾನು ಹೂವು ತರಕ್ಕೆ ಓಯ್ತೀನಿ. ಟ್ಯಾಂಕರ್ ಬಂದ್ರೆ ಸಂಪ್‌ಗೆ ಬಿಡಿಸ್ಬಿಡು. ಅವ್ನತ್ರ ಇನ್ನೊಂದ್ಸಲ ಕೇಳೋಕಾಗಲ್ಲ ನನ್ ಕೈಲಿ."

ಟ್ಯಾಂಕರ್ ಬಂತು. ನನ್ನ ತಲೆಯಲ್ಲಿ ಬಲ್ಬೂ ಹೊತ್ತಿತು.

"ಅಣ್ಣ, ಒಂದೇ ನಿಮಿಷ ಈ ಗುಂಡಿಗೆ ಬಿಡಿ, ಆಮೇಲೆ ಸಂಪ್‌ಗೆ."

"ಇದ್ರೊಳಕ್ಕಾ ಸಾರ್?" ಎಂದ ಡ್ರೈವರ್.

"ಸೈನ್ಸ್ ಅಣ್ಣ, ಸೈನ್ಸ್."

ಅವನು ಪೈಪು ಬಿಟ್ಟು, ಫೋನಿನಲ್ಲಿ ಹೆಂಡತಿಯ ಜೊತೆ ಜಗಳಕ್ಕೆ ಕೂತ. ಮೊದಲ ಟೇಕಿನಲ್ಲಿ ನನ್ನ ಹೆಬ್ಬೆರಳೇ ಹೀರೋ. ಎರಡನೆಯದರಲ್ಲಿ ಕಾಮೆಂಟರಿ ತೊದಲಿತು. ಮೂರನೆಯದು ಸ್ಲೋ ಮೋಷನ್: "ನೋಡಿ, ಭೂತಾಯಿ ಹೇಗೆ ಗಟಗಟ ಕುಡೀತಿದ್ದಾಳೆ!"

"ಗುರು, ನೀರ್ ಹಾಕ್ತಿದ್ಯಲ್ಲ, ಗಿಡ ಎಲ್ಲೋ?" ಎಂದು ಬಾಲ್ಕನಿಯಿಂದ ಯಾರೋ ಕೂಗಿದರು. ಅಭಿಮಾನಿ ಎಂದುಕೊಂಡು ಕೈ ಬೀಸಿದೆ.

ಅಷ್ಟರಲ್ಲಿ ಪೈಪು ಒಮ್ಮೆ ಗೊರಕೆ ಹೊಡೆದು ಸುಮ್ಮನಾಯಿತು. ಟ್ಯಾಂಕರ್ ಖಾಲಿ. ಗುಂಡಿಯಲ್ಲೂ ಹನಿ ನೀರು ನಿಂತಿರಲಿಲ್ಲ. ಪ್ರಾಜೆಕ್ಟ್ ಭರ್ಜರಿ ಯಶಸ್ವಿ.

ಆಂಟಿ ಬಂದವರೇ ಸಂಪಿನ ಮುಚ್ಚಳ ಎತ್ತಿದರು.

"ನೀರೆಲ್ಲೋ?"

"ಇಂಗ್ಹೋಯ್ತು ಆಂಟಿ."

ಹೂವಿನ ಕವರಿನಲ್ಲೇ ಬೆನ್ನಿಗೆ ಬಾರಿಸಿದರು. ಪೆಟ್ಟು ತಿಂದೂ ಮಲ್ಲಿಗೆಯಂತೆ ಘಮಘಮಿಸಿದವನು ಸಿಂಗಸಂದ್ರದಲ್ಲಿ ನಾನೊಬ್ಬನೇ ಇರಬೇಕು.

ಅಂಗಡಿಗೆ ಓಡಿ, ಕುಡಿಯುವ ನೀರಿನ ಕ್ಯಾನುಗಳನ್ನು ಹೆಗಲ ಮೇಲೆ ಹೊತ್ತು ತಂದೆ. ಅಡುಗೆಗೂ ಅದೇ, ಪಾತ್ರೆ ತೊಳೆಯಲೂ ಅದೇ. ಬಂದವರಿಗೆ ಬಾಗಿಲಲ್ಲಿ ಕಾಲಿಗೆ ನೀರು ಕೊಡುವ ಪದ್ಧತಿ ಅವರ ಮನೆಯಲ್ಲಿ ಇನ್ನೂ ಇತ್ತು. ಆ ಡ್ಯೂಟಿ ನನ್ನದು. ಕ್ಯಾನಿನ ಸೀಲ್ ಕಿತ್ತು ಚೊಂಬಿಗೆ ಬಗ್ಗಿಸಿದ್ದನ್ನು ಗಂಡಿನ ತಾಯಿ ನೋಡಿಬಿಟ್ಟರು. ಆಂಟಿಯ ಮುಖ ಸುಣ್ಣವಾಯಿತು.

"ಅಯ್ಯೋ, ಕಾಲಿಗೂ ಕ್ಯಾನ್ ನೀರಾ! ಎಂಥಾ ಮರ್ಯಾದಸ್ತ ಮನೆ ನೋಡ್ರೀ!" ಎಂದು ಆಕೆ ಗಂಡನಿಗೆ ಹೇಳಿದರು.

ಗಂಡಿನ ತಂದೆ ನನ್ನ ಕಡೆ ತಿರುಗಿ, "ಏನ್ ಓದ್ತಿದ್ಯಪ್ಪ?" ಎಂದರು.

"ನೀರಿನ ಉಳಿತಾಯ ಸಾರ್," ಎಂದು ಅವರ ಇನ್ನೊಂದು ಕಾಲಿಗೂ ಧಾರಾಳವಾಗಿ ಸುರಿದೆ.

ಗಂಡಿನ ಕಡೆಯವರು ಒಪ್ಪಿಗೆ ಹೇಳಿಯೇ ಹೋದರು. ಸಂಜೆ ಆಂಟಿ ನನ್ನನ್ನು ಕರೆದು ಉಳಿದ ಕೇಸರಿಬಾತ್ ಕೊಟ್ಟರು. ಕ್ಷಮಿಸಿದರು ಎಂದುಕೊಂಡು ಬಾಯಿಗಿಟ್ಟೆ. ಅವರು ಗುಂಡಿಯ ಹಿಂದಿನ ಗೋಡೆ ತೋರಿಸಿದರು.

"ನನ್ ಮೈದುನನ ಬೋರು ಈ ಗೋಡೆ ಆಚೆಗೈತೆ ಕಣಪ್ಪ. ಮೊದ್ಲು ಎಲ್ಲಾ ಒಂದೇ ಹೊಲ. ನಮ್ದಕ್ಕಿಂತ ಆಳಕ್ಕೆ ಕೊರ್ಸವ್ನೆ. ನೀನು ಕುಡಿಸಿದ್ದೆಲ್ಲ ಅಲ್ಲಿಗೇ ಓಗಿರ್ತದೆ, ಅದನ್ನೇ ತುಂಬ್ಕೊಂಡು ನಾಳೆ ನಂಗೇ ತಂದ್ ಮಾರ್ತಾನೆ. ಇನ್ನೊಂದ್ಸಲ ವಿಡಿಯೋ ಮಾಡಂಗಿದ್ರೆ ಅವ್ನ ಕಾಂಪೌಂಡಲ್ಲಿ ಗುಂಡಿ ತೋಡ್ಸಿ ಮಾಡು. ಆಗ್ಲಾದ್ರೂ ನೀರು ಈ ಕಡೀಕ್ ಬರ್ಲಿ."