ಮುತ್ತತ್ತಿಯಲ್ಲಿ ನಿಲ್ಲಿಸದ ಕ್ಯಾಮೆರಾ

ಕ್ಯಾಮೆರಾ ನಿಂತಿತ್ತು ಎಂದು ನಾನು ರೂಪಾಳಿಗೆ ಸುಳ್ಳು ಹೇಳಿದೆ. ನಿಂತಿರಲಿಲ್ಲ. ನಿಲ್ಲಿಸಬೇಡ ಎಂದು ಸನ್ನೆ ಮಾಡಿದವನು ನಾನೇ.

ಆಗ ನಾನು ಮಳವಳ್ಳಿಯ ಒಂದು ಹೈಸ್ಕೂಲಿನಲ್ಲಿ ಮೇಷ್ಟ್ರು. ಬೇಸಿಗೆ ರಜೆಯಲ್ಲಿ ಮೂರು ಜನ ಗೆಳೆಯರನ್ನು ಕಟ್ಟಿಕೊಂಡು ಸಿನಿಮಾ ಮಾಡಲು ಹೊರಟಿದ್ದೆ. ಮನಸ್ಸು ಕದಡಿದ ಹದಿಹರೆಯದ ಹುಡುಗಿಯೊಬ್ಬಳ ಕಥೆ — ಕಥೆ ಅನ್ನುವುದಕ್ಕಿಂತ ಅವಳ ಕೆಟ್ಟ ಕನಸು. ಅವಳು ಸೀಮೆಸುಣ್ಣ ತಿನ್ನುತ್ತಾಳೆ, ಕಬ್ಬಿನ ಗದ್ದೆಯೊಳಗೆ ಬಾಗಿಲುಗಳು ತೆರೆದುಕೊಳ್ಳುತ್ತವೆ, ಅವಳ ತರಗತಿ ಹೊಳೆಯ ನೀರಿನಲ್ಲಿ ನಡೆಯುತ್ತದೆ. ಆ ಪಾತ್ರಕ್ಕೆ ನನ್ನ ಹಳೆಯ ವಿದ್ಯಾರ್ಥಿನಿ ರೂಪಾಳನ್ನು ಆರಿಸಿದೆ. ಅವಳಿಗೆ ಹದಿನಾರು. ತಾಯಿ ಕಾಮಾಲೆಯಾಗಿ ತೀರಿಕೊಂಡು ಎರಡು ವರ್ಷವಾಗಿತ್ತು. ಅಜ್ಜಿ ನಿಂಗಮ್ಮನ ಜೊತೆ ಇದ್ದಳು. ಚೆನ್ನಾಗಿ ನಟಿಸುತ್ತಾಳೆ, ಅದಕ್ಕೇ ಆರಿಸಿದೆ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ನಿಜವೆಂದರೆ — ಅವಳ ದುಃಖ ನನಗೆ ಬೇಕಾಗಿತ್ತು.

ಒಂದು ಮಧ್ಯಾಹ್ನ ಊಟ ಮಾಡುತ್ತಾ, ತನಗೆ ಮತ್ತೆ ಮತ್ತೆ ಬೀಳುವ ಕನಸೊಂದನ್ನು ಹೇಳಿದಳು. ಅವ್ವ ಹಸಿರು ಸೀರೆ ಉಟ್ಟು ಹೊಳೆ ದಂಡೆಯಲ್ಲಿ ನಿಂತಿರುತ್ತಾಳೆ. ಎಷ್ಟು ಕೂಗಿದರೂ ತಿರುಗುವುದಿಲ್ಲ.

"ಯಾರ್ಗೂ ಏಳ್ಬ್ಯಾಡಿ ಸಾ," ಅಂದಳು.

ಯಾರಿಗೂ ಹೇಳಲಿಲ್ಲ. ಅದನ್ನು ಚಿತ್ರಿಸುವ ತಯಾರಿ ಮಾಡಿದೆ.

ರೂಪಾ ಮನೆಯಲ್ಲಿಲ್ಲದ ಹೊತ್ತು ನೋಡಿಕೊಂಡು ನಿಂಗಮ್ಮನ ಬಳಿ ಹೋದೆ. ಮಗಳ ಹಸಿರು ಸೀರೆ ಬೇಕಿತ್ತು, ಮೊಮ್ಮಗಳೇ ಅದನ್ನು ಉಡುವ ದೃಶ್ಯವಿದೆ, ಅವಳಿಗೆ ಗೊತ್ತು ಎಂದೆ. ಟ್ರಂಕಿನ ತಳದಿಂದ ಆ ಹಸಿರು ಸೀರೆ ತೆಗೆದುಕೊಡುವಾಗ ಮುದುಕಿ, "ಜ್ವಾಪಾನ ಕಣ್ ಮೇಷ್ಟ್ರೇ," ಅಂದರು. ಅಷ್ಟೇ.

ಮುತ್ತತ್ತಿಯಲ್ಲಿ, ಹೊಳೆಯ ಮೊಣಕಾಲುದ್ದ ನೀರಿನಲ್ಲಿ ಎರಡು ಬೆಂಚು ಹಾಕಿಸಿದ್ದೆ. ರೂಪಾ ಒಂದರ ಮೇಲೆ ಕೂತು ದಂಡೆಯ ಕಡೆ ನೋಡಬೇಕು. ಯಾರೂ ಬರುವುದಿಲ್ಲ ಎಂದು ಅವಳಿಗೆ ಹೇಳಿದ್ದೆ. ಮರದ ಮರೆಯಲ್ಲಿ ಮಂಡ್ಯದ ನಾಟಕ ತಂಡದ ಹೆಂಗಸೊಬ್ಬರು ಆ ಸೀರೆ ಉಟ್ಟು ನಿಂತಿದ್ದರು. ಅದು ಯಾರ ಸೀರೆ ಎಂದು ಅವರಿಗೂ ತಿಳಿಸಿರಲಿಲ್ಲ. ದಂಡೆಗೆ ಬಂದು ಬೆನ್ನು ಮಾಡಿ ನಿಲ್ಲಿ, ಹುಡುಗಿ ಕೂಗಿದಾಗ ತಿರುಗಿ — ಇಷ್ಟು ಮಾತ್ರ ಹೇಳಿಕೊಟ್ಟಿದ್ದೆ.

ಆ ಹೆಂಗಸು ದಂಡೆಗೆ ಬಂದು ಬೆನ್ನು ಮಾಡಿ ನಿಂತರು. ರೂಪಾ ಕೂಗಿದಳು. ಆಕೆ ತಿರುಗಿದರು. ಹುಡುಗಿ ಎದ್ದು, ನೀರಿನಲ್ಲಿ ಮುಗ್ಗರಿಸಿ, ಅಂಬೆಗಾಲಿಟ್ಟುಕೊಂಡೇ ದಂಡೆಗೆ ಬಂದು ಸೆರಗು ಹಿಡಿದುಕೊಂಡಳು.

"ಅವ್ವಾ, ಎಲ್ಲೋಗಿದ್ದೆ... ಎಲ್ಲೋಗ್ಬುಟ್ಟಿದ್ದೆ..."

ಕ್ಯಾಮೆರಾ ಹಿಡಿದಿದ್ದ ಗೆಳೆಯ ನನ್ನ ಮುಖ ನೋಡಿದ. ನಾನು ತಲೆಯಲ್ಲಾಡಿಸಿದೆ — ನಿಲ್ಲಿಸಬೇಡ, ನಡೆಯಲಿ. ಆ ಹೆಂಗಸು ತಾವೇ ಅಳುತ್ತಾ, "ನಾನ್ ನಿಮ್ಮವ್ವ ಅಲ್ಲ ಕಣವ್ವ, ಅಲ್ಲ ಕಣೇ," ಎಂದು ಅವಳ ತಲೆ ಸವರಿದರು. ಆ ಮಾತನ್ನು ಆಮೇಲೆ ಸಂಕಲನದಲ್ಲಿ ಕತ್ತರಿಸಿ ಹಾಕಿದೆ.

ಟೆಂಪೋದಲ್ಲಿ ವಾಪಸು ಬರುವಾಗ ರೂಪಾ ಕೇಳಿದಳು: "ಅದ್ನ ತಗುದ್ರಾ ಸಾ?"

"ಇಲ್ಲ ಕಣಮ್ಮ. ಕ್ಯಾಮೆರಾ ಆಫ್ ಆಗಿತ್ತು."

ಅವಳು ನಂಬಿದಳು. ಮೇಷ್ಟ್ರು ಹೇಳಿದರೆ ನಂಬುವ ಹುಡುಗಿ.

ಸೀರೆಗೆ ಕೆಸರಾಗಿತ್ತು. ಒಗೆಸಿ, ಇಸ್ತ್ರಿ ಹಾಕಿಸಿ ಹಿಂದಿರುಗಿಸಿದೆ. ನಿಂಗಮ್ಮ ಅದನ್ನು ಮೂಗಿನ ಹತ್ತಿರ ಹಿಡಿದು ನಿಂತರು. "ಒಗ್ದ್‌ಬುಟ್ರಾ?" ಎಂದಷ್ಟೇ ಕೇಳಿದರು. ಮಗಳು ಕೊನೆಯ ಬಾರಿ ಉಟ್ಟಿದ್ದ ಸೀರೆಯಂತೆ ಅದು, ಎರಡು ವರ್ಷ ಒಗೆದಿರಲಿಲ್ಲವಂತೆ. ನನಗೆ ತಿಳಿದದ್ದು ಆಮೇಲೆ.

ಚಿತ್ರವನ್ನು ಮಂಡ್ಯದ ಸಭಾಂಗಣವೊಂದರಲ್ಲಿ ತೋರಿಸಿದಾಗ ರೂಪಾ ಅಜ್ಜಿಯನ್ನು ಕರೆದುಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದಳು. ಹೊಳೆಯ ದೃಶ್ಯ ಬಂತು. ಅರ್ಧದಲ್ಲಿ ಎದ್ದು ಹೋದಳು. ಅಜ್ಜಿ ತಡವರಿಸಿಕೊಂಡು ಹಿಂದೆ ಹೋದರು. ನಾನು ಹೋಗಲಿಲ್ಲ — ಚಿತ್ರ ಮುಗಿದ ಮೇಲೆ ವೇದಿಕೆಯಲ್ಲಿ ಮಾತಾಡಬೇಕಿತ್ತು. ಆ ದೃಶ್ಯವನ್ನು ಹೇಗೆ ಸಾಧಿಸಿದಿರಿ ಎಂದು ಯಾರೋ ಕೇಳಿದರು. "ಮೂರು ವಾರ ತಾಲೀಮು," ಎಂದೆ. ಚಪ್ಪಾಳೆ ಬಿತ್ತು. ಆಮೇಲೆ ಬೇರೆ ಊರುಗಳಲ್ಲೂ ಅದೇ ಉತ್ತರ. ರೂಪಾ ಆ ವರ್ಷ ಕಾಲೇಜಿಗೆ ಹೋಗಲಿಲ್ಲ, ಪರೀಕ್ಷೆಗೂ ಕೂರಲಿಲ್ಲ.

ಏಳು ವರ್ಷ ಅವಳ ಊರಿನ ದಾರಿ ತಪ್ಪಿಸಿಕೊಂಡೇ ಓಡಾಡಿದೆ. ಹೋದ ತಿಂಗಳು ಹುಡುಕಿಕೊಂಡು ಹೋದೆ. ಮದ್ದೂರಿನಲ್ಲಿ ಒಂದು ಟೈಲರ್ ಅಂಗಡಿಯಲ್ಲಿ ರವಿಕೆ ಹೊಲಿಯುತ್ತಾ ಕೂತಿದ್ದಳು. ಗುರುತು ಹಿಡಿದಳು. ಸ್ಟೂಲು ಸರಿಸಿ ಕೂರಿಸಿದಳು. ಎಲ್ಲವನ್ನೂ ಹೇಳಿದೆ — ಸೀರೆ, ಸನ್ನೆ, ಸುಳ್ಳು. ತಪ್ಪಾಯಿತು ಎಂದೆ. ಅವಳು ಹೊಲಿಗೆಯ ಸಾಲು ಮುಗಿಸಿ, ನೂಲು ಕತ್ತರಿಸಿ, ಆಮೇಲೆ ತಲೆಯೆತ್ತಿದಳು.

"ನಂಗೆಲ್ಲಾ ಗೊತ್ತಿತ್ತು ಬುಡಿ ಸಾ. ಒಂದೇಯ... ನಮ್ಮವ್ವನ ಮೊಕ ಈಗ ನೆಪ್ಪಿಗೇ ಬರಾಕಿಲ್ಲ. ನೆನಸ್ಕಂಡ್ರೆ ನಿಮ್ ಪಿಚ್ಚರ್‌ನ ಆ ಎಂಗಸೇ ತಿರುಕ್ಕಂಡು ನೋಡ್ತಾಳೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

ಆ ಚಿತ್ರವನ್ನು ಎಲ್ಲ ಕಡೆಯಿಂದಲೂ ಹಿಂದಕ್ಕೆ ತೆಗೆದುಕೊಂಡಿದ್ದೇನೆ. ನನ್ನಲ್ಲಿದ್ದ ಪ್ರತಿಗಳನ್ನೂ ಅಳಿಸಿದ್ದೇನೆ. ಮುಂದೆ ಯಾರೂ ಅದನ್ನು ನೋಡಲಾರರು — ರೂಪಾ ಒಬ್ಬಳನ್ನು ಬಿಟ್ಟು.