ಸನ್‌ರೂಫ್ ಗಾಜು ಮತ್ತು ಶಾಂತಕ್ಕನ ಸಂಡಿಗೆ

ರಾಯದುರ್ಗದ ರಸಿಕ ಮಹಾಜನರೇ, ರಿಪೇರಿಪ್ರಿಯ ಸಜ್ಜನರೇ, ಒಡೆದಿದ್ದ ನಮ್ಮ ಕಾರಿನ ಸನ್‌ರೂಫ್ ಗಾಜನ್ನು ಇಂದು ಮೆಕ್ಯಾನಿಕ್ಕಿನ ಹಂಗಿಲ್ಲದೆ ನಾನೇ ಬದಲಾಯಿಸಿದೆ. ಒಂದು ಹನಿ ಸೋರಿದರೂ ನಾಳೆ ಮಡಕಶಿರಾಕ್ಕೆ ಬಸ್ಸಿನಲ್ಲೇ ಹೋಗುತ್ತೇನೆಂದು ಹೆಂಡತಿ ಹೇಳಿದ್ದಳು.

ಗಮ್ ಒಣಗಲೆಂದು ಕಾರನ್ನು ಬಿಸಿಲಿಗೆ ನಿಲ್ಲಿಸಿ ಊಟ ಮಾಡಿ ಬಂದೆ. ಪಕ್ಕದ ಮನೆಯ ಶಾಂತಕ್ಕ ಹೊಸ ಗಾಜಿನ ಮೇಲೆ ಸೀರೆ ಹಾಸಿ, ಗಾಳಿಗೆ ಹಾರದಂತೆ ಮೂಲೆಗೊಂದು ಕಲ್ಲು ಹೇರಿ, ಸಂಡಿಗೆ ಇಡುತ್ತಿದ್ದರು.

"ಶಾಂತಕ್ಕಾರ, ತೆಗೀರಿ. ಗಮ್ ಇನ್ನೂ ಒಣಗಿಲ್ರಿ."

"ಸಂಡಿಗೀನೂ ಒಣಗಿಲ್ರಿ. ಎರಡೂ ಕೂಡೇ ಒಣಗಲಿ ಬಿಡ್ರಿ."

ಸಂಜೆ ಅವರು ಸಂಡಿಗೆ ಎತ್ತಿದ ಮೇಲೆ ಎರಡು ಕೊಡ ನೀರು ಸುರಿದೆ. ಒಂದು ಹನಿಯೂ ಒಳಗಿಳಿಯಲಿಲ್ಲ. ಹೆಂಡತಿ ಮೆಚ್ಚಿದಳು, ನಾನು ಮೀಸೆ ತಿರುವಿದೆ.

ನಿಜ ಹೇಳಿಬಿಡುತ್ತೇನೆ. ಬೆಳಗ್ಗೆಯಿಂದ ನಾನೆಷ್ಟು ಒತ್ತಿದರೂ ಗಾಜಿನ ಒಂದು ಮೂಲೆ ಏಳುತ್ತಲೇ ಇತ್ತು. ಅದನ್ನು ಕೂರಿಸಿದ್ದು ಶಾಂತಕ್ಕನ ಕಲ್ಲು.